ಬೆಲ್ಲ ಹಾಕಿದ ಪಾಸ್ತಾ

ಪಾಸ್ತಾ ಬೇಯಿಸಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಆದರೆ ಅದನ್ನು ತಿನ್ನಲು ಏನೋ ಒಂದು ಯೋಗ್ಯತೆ ಬೇಕು ಎಂದು ನಂಬಿದವರು ಕೇರಳದ ಗಡಿಯ ನಮ್ಮ ಬತ್ತೇರಿಯಲ್ಲಿ ಇದ್ದಾರೆ. ಅದು ನನಗೆ ಗಾಡಿ ಹಾಕಿದ ಮೇಲೇ ಗೊತ್ತಾದದ್ದು. ಇದು ಆ ಗಾಡಿಯ ಮೊದಲ ತಿಂಗಳ ಕತೆ. ಹೇಳುವಾಗ ಈಗಲೂ ಸಿಟ್ಟು ಬರುತ್ತದೆ, ಬರಲಿ.

ಗಾಡಿ ಎಂದರೆ ಹಳೆಯ ಸಣ್ಣ ಗೂಡ್ಸ್ ಲಾರಿ, ಮೊದಲು ಬಾಳೆಗೊನೆ ಹೊರುತ್ತಿದ್ದದ್ದು. ಮೀನಂಗಡಿ ಎಂಬ ಪಕ್ಕದ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದರ ಒಂದು ಪಕ್ಕವನ್ನು ಕೊಯ್ದು ಮೇಲಕ್ಕೆತ್ತುವ ಬಾಗಿಲು ಮಾಡಿಸಿದೆ. ಎತ್ತಿ ಕಂಬಿ ಕೊಟ್ಟರೆ ಅದೇ ಚಾವಣಿ. ಒಳಗೆ ಎರಡು ಒಲೆ, ಒಂದು ನೀರಿನ ಡ್ರಮ್ಮು, ಇಬ್ಬರು ಹೆಂಗಸರು ಡಿಕ್ಕಿ ಹೊಡೆಯದೆ ತಿರುಗುವಷ್ಟು ಜಾಗ. ಓಡಿಸುವುದು ನಾನೇ. ಪಾಸ್ತಾ ಕಲಿತದ್ದು ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ, ಬರೀ ಕಣ್ಣಿನಿಂದ. ಅಲ್ಲಿ ಅದು ಐನೂರು ರೂಪಾಯಿಯ ತಟ್ಟೆ. ನಾನು ಐವತ್ತಕ್ಕೆ ಕೊಡುತ್ತೇನೆಂದು ಹೊರಟೆ. ಅದೇ ಗೋಧಿ, ಅದೇ ಟೊಮೇಟೊ, ಅದೇ ಬೆಂಕಿ. ಉಳಿದ ನಾನೂರೈವತ್ತು ರೂಪಾಯಿ ಎಲ್ಲಿ ಬೇಯುತ್ತದೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಜೊತೆಗೆ ನಿಂತವಳು ನನ್ನ ತಮ್ಮನ ಹೆಂಡತಿ. ಗುಂಡ್ಲುಪೇಟೆಯ ಆಚೆಯ ಹಳ್ಳಿಯಿಂದ ನೂಲ್ಪುಳದ ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಲಯಾಳ ಮಾತ್ರ ಅವಳಿಗೆ ಇನ್ನೂ ಒಗ್ಗಿರಲಿಲ್ಲ. ಗಿರಾಕಿಗಳ ಜೊತೆ ಮಾತು ನನ್ನದು, ಒಲೆ ಅವಳದು ಎಂದು ಹಂಚಿಕೊಂಡಿದ್ದೆವು.

ಜಾಗ ಕೊಟ್ಟವರು ಕರಿಮೆಣಸಿನ ವ್ಯಾಪಾರಿ. ಮೈಸೂರು ರಸ್ತೆಯಲ್ಲಿ, ಬಸ್ ಸ್ಟ್ಯಾಂಡಿಗೆ ಹತ್ತು ಹೆಜ್ಜೆ ದೂರದಲ್ಲಿ ಅವರ ಗೋದಾಮು. ಎದುರಿಗೆ ಗಾಡಿ ನಿಲ್ಲುವಷ್ಟು ಅಂಗಳ, ಒಂದು ನಲ್ಲಿ, ಒಂದು ಹಲಸಿನ ಮರದ ನೆರಳು, ಮತ್ತು ಗೋದಾಮಿಗೆ ಹತ್ತುವ ಮೂರು ಅಗಲವಾದ ಮೆಟ್ಟಿಲು. ಗೋದಾಮು ಬೆಳಿಗ್ಗೆ ಮಾತ್ರ ತೆಗೆಯುವುದರಿಂದ ಮಧ್ಯಾಹ್ನದ ಮೇಲೆ ಆ ಮೆಟ್ಟಿಲು ಖಾಲಿ. ಅವರೂ ನಮ್ಮ ಹಾಗೆ ಯಾವುದೋ ಕಾಲದಲ್ಲಿ ಕನ್ನಡದ ಕಡೆಯಿಂದ ಗಡಿ ದಾಟಿ ಬಂದ ಮನೆತನದವರು, ಮನೆಯಲ್ಲಿ ನಮ್ಮದೇ ಮಾತು.

"ನೋಡ್ ಕಣವ್ವ, ಒಂದ್ ತಿಂಗ್ಳು ಹಾಕ್ಕ. ನಲ್ಲಿ ನೀರೂ ಹಿಡ್ಕ. ಸರಿ ನಡುದ್ರೆ ವರ್ಷಕ್ಕೆ ಬರ್ಕೊಡ್ತೀನಿ. ಆದ್ರೆ ಒಂದೇ ಒಂದ್ ಪರಾತಿ ಬಂದ್ರೂ ಗಾಡಿ ಎತ್ಬುಡ್ಬೇಕು" ಎಂದರು.

ಪರಾತಿ ಎಂದರೆ ದೂರು. ನಮ್ಮ ಮನೆಮಾತಿನಲ್ಲಿ ಇಂಥ ಮಲಯಾಳದ ಪದಗಳು ಅನ್ನದಲ್ಲಿ ಉಪ್ಪಿನಂತೆ ಸೇರಿಕೊಂಡಿವೆ, ಹಾಕಿದ್ದು ಯಾರು ಎಂದು ಯಾರಿಗೂ ನೆನಪಿಲ್ಲ. ನಾನು ಒಪ್ಪಿಕೊಂಡೆ. ಬತ್ತೇರಿಯಲ್ಲಿ ಅಂಥ ಜಾಗ ಇನ್ನೊಂದಿರಲಿಲ್ಲ. ಅದು ಕೈಬಿಟ್ಟರೆ ನನ್ನ ಗಾಡಿ ಬರೀ ತಗಡು.

ಕೆಲಸ ಮಧ್ಯಾಹ್ನ ಎರಡಕ್ಕೆ ಶುರು. ಹತ್ತು ಲೀಟರ್ ನೀರಿಗೆ ಒಂದು ಹಿಡಿ ಕಲ್ಲುಪ್ಪು. ಬೆರಳದ್ದಿ ನೆಕ್ಕಿದರೆ ಸಾರಿನಷ್ಟು ಉಪ್ಪಿರಬೇಕು. ಕುದಿ ಬಂದ ಮೇಲೆ ಒಂದು ಕಿಲೋ ಕೊಳವೆ ಪಾಸ್ತಾ. ಪೊಟ್ಟಣದ ಮೇಲೆ ಹನ್ನೆರಡು ನಿಮಿಷ ಎಂದಿರುತ್ತದೆ, ನಾನು ಎಂಟಕ್ಕೇ ಇಳಿಸಿ ಬಸಿದು, ಎಣ್ಣೆ ಸವರಿದ ಅಗಲ ತಟ್ಟೆಗಳಲ್ಲಿ ಹರಡಿ ಆರಲು ಬಿಡುತ್ತೇನೆ. ಗಿರಾಕಿ ಬಂದಾಗ ಜಾಲರಿ ಸೌಟಿನಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಎರಡು ನಿಮಿಷ ಮುಳುಗಿಸಿದರೆ ಸಾಕು. ಬಸಿದ ಗಂಜಿಯನ್ನು ಚೆಲ್ಲುವುದಿಲ್ಲ, ಕೊನೆಯಲ್ಲಿ ಒಂದು ಸೌಟು ಸಾಸಿಗೆ ಬಿದ್ದರೆ ಅದು ಕೊಳವೆಗೆ ಅಂಟಿಕೊಳ್ಳುತ್ತದೆ. ಸಾಸಿಗೆ ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿ, ಜಜ್ಜಿದ ಕಾಂತಾರಿ ಮೆಣಸು, ಇಳಿಸುವ ಮುಂಚೆ ಒಂದು ಹಿಡಿ ಕಾಮಕಸ್ತೂರಿ. ರೆಸಾರ್ಟಿನವರು ಅದನ್ನು ಬೇಸಿಲ್ ಎಂದು ಕರೆದು ಡಬ್ಬಿಯಲ್ಲಿ ತರಿಸುತ್ತಿದ್ದರು. ನಮ್ಮ ಹಿತ್ತಲಲ್ಲಿ ಅದು ಕೋಳಿ ಕೆದರುವ ಜಾಗದಲ್ಲೂ ಬೆಳೆಯುತ್ತದೆ.

ಮೊದಲ ಮೂರು ದಿನ ಬಂದವರೆಲ್ಲ ಒಂದೇ ಮಾತು ಹೇಳಿದರು: ಬೆಂದಿಲ್ಲ. ರೆಸಾರ್ಟಿನಲ್ಲಿ ಹಲ್ಲಿಗೆ ಸ್ವಲ್ಪ ಸಿಕ್ಕಬೇಕು ಎನ್ನುತ್ತಿದ್ದರು. ಅನ್ನವನ್ನು ಹಿಸುಕಿ ನೋಡಿ ಇಳಿಸುವ ನಮ್ಮ ಜನಕ್ಕೆ ಹಲ್ಲಿಗೆ ಸಿಕ್ಕಿದರೆ ಅದು ಹಸಿ. ಕೊನೆಯ ಎರಡು ನಿಮಿಷವನ್ನು ನಾಲ್ಕು ಮಾಡಿದೆ. ದೂರು ನಿಂತಿತು.

ನಾಲ್ಕನೆಯ ದಿನ ನಮ್ಮ ಎಡವಟ್ಟು ಆದದ್ದು. ಆ ವಾರ ಗುಂಡ್ಲುಪೇಟೆಯಿಂದ ಬಂದ ಟೊಮೇಟೊ ಹುಳಿಯೆಂದರೆ ಹುಳಿ, ಕಣ್ಣು ಮುಚ್ಚಿಸುವಂಥದ್ದು. ಮೈಸೂರಿನ ಎರಡು ಬಸ್ಸು ಒಟ್ಟಿಗೆ ಬಂದು ನಿಂತಿದ್ದವು, ನಾನು ಕೌಂಟರಿನಲ್ಲಿ ಎಂಟು ಜನರಿಗೆ ಉತ್ತರ ಕೊಡುತ್ತಿದ್ದೆ. ಹಿಂದಿನಿಂದ ಸಾಸು ತಳ ಹಿಡಿಯುವ ವಾಸನೆ ಬಂತು.

"ವೆಳ್ಳ ಹಾಕೇ! ವೆಳ್ಳ! ಅಡಿ ಹಿಡೀತದೆ!" ಎಂದು ತಿರುಗದೆಯೇ ಕೂಗಿದೆ.

"ಎಷ್ಟಕ್ಕಾ?"

"ಎಲ್ಡು ಹಾಕು, ಬೇಗ!"

ವೆಳ್ಳ ಎಂದರೆ ನೀರು. ನಾನು ಹೇಳಿದ್ದು ಎರಡು ಲೋಟ ನೀರು. ಮಲಯಾಳ ಶಾಲೆಯಲ್ಲಿ ಓದಿದ ನಾಲಿಗೆ, ಅವಸರದಲ್ಲಿ ಯಾವ ಪದ ಮೊದಲು ಸಿಕ್ಕಿತೋ ಅದನ್ನೇ ಎಸೆದಿತ್ತು. ಅವಳ ಕಿವಿಗೆ ಬಿದ್ದದ್ದು ಬೆಲ್ಲ. ಕಾಫಿಗೆಂದು ಇಟ್ಟಿದ್ದ ಅಚ್ಚು ಬೆಲ್ಲದ ಡಬ್ಬಿ ಅವಳ ಕೈಯಳತೆಯಲ್ಲೇ ಇತ್ತು. ಎರಡು ಅಚ್ಚು ಹಾಕಿ, ತಳ ಕೆರೆದು, ಗಂಜಿ ಸುರಿದು, ನಿಶ್ಚಿಂತೆಯಿಂದ ತಿರುವುತ್ತ ನಿಂತಿದ್ದಳು. ಅಷ್ಟರಲ್ಲಿ ನಾನು ಆರು ತಟ್ಟೆ ಕೊಟ್ಟೂ ಆಗಿತ್ತು.

ಸೌಟಿನ ತುದಿ ನೆಕ್ಕಿ ಅವಳ ಕಡೆ ತಿರುಗಿದೆ. "ಏನ್ ಹಾಕಿದ್ಯೇ?"

"ಬೆಲ್ಲ. ನೀವೇ ಅಂದ್ರಲ್ಲ."

"ನಾನ್ ವೆಳ್ಳ ಅಂದೆ ಕಣೇ. ನೀರು!"

"ನೀರು ಅನ್ನಕ್ ನಿಮ್ಗೇನಕ್ಕ, ಬಾಯ್ ನೋವಾ?"

ಜಗಳಕ್ಕೆ ಪುರುಸೊತ್ತಿರಲಿಲ್ಲ. ಆ ಆರು ತಟ್ಟೆ ಹೋದದ್ದು ಗೋದಾಮಿನ ಮೆಟ್ಟಿಲ ಮೇಲೆ ಕುಳಿತಿದ್ದ ಆರು ಹೆಂಗಸರಿಗೆ. ನೂಲ್ಪುಳದ ಕಾಡಿನೊಳಗಿನ ಹಾಡಿಯವರು, ಕನ್ನಡಕ್ಕೆ ಹತ್ತಿರದ ಮಾತಿನ ಬುಡಕಟ್ಟಿನವರು. ಅರಣ್ಯದಂಚಿನಲ್ಲಿ ಬೆಂಕಿ ಹರಡದಂತೆ ಪೊದೆ ಕಡಿದು ದಾರಿ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಜೀಪು ಅವರನ್ನು ನಾಲ್ಕೂವರೆಗೆ ಬತ್ತೇರಿಯಲ್ಲಿ ಇಳಿಸಿದರೆ ಹಾಡಿಯ ಬಸ್ಸು ಐದೂವರೆಗೆ. ಆ ಒಂದು ಗಂಟೆ ಅವರು ಮೆಟ್ಟಿಲ ಮೇಲೆ ಕೂರುತ್ತಿದ್ದರು, ಕತ್ತಿಗಳನ್ನು ಗೋಣಿಯಲ್ಲಿ ಸುತ್ತಿ ಪಕ್ಕಕ್ಕಿಟ್ಟು. ಅವರಲ್ಲಿ ಹಿರಿಯಳು ಒಬ್ಬ ಅಜ್ಜಿ. ಮೊದಲ ದಿನವೇ "ಇದೇನವ್ವ, ತೂತಿನ ಶಾವ್ಗೆ?" ಎಂದು ಕೇಳಿ ಒಂದು ತಟ್ಟೆ ತೆಗೆದುಕೊಂಡು ಆರು ಜನ ಹಂಚಿ ತಿಂದಿದ್ದರು. ಮೂರನೆಯ ದಿನಕ್ಕೆ ತಲೆಗೊಂದು ತಟ್ಟೆ.

ನಾನು ಹಲ್ಲು ಕಚ್ಚಿಕೊಂಡು ಅವರ ಕಡೆ ನೋಡುತ್ತ ನಿಂತೆ. ಅಜ್ಜಿ ಖಾಲಿ ತಟ್ಟೆ ಹಿಡಿದು ಎದ್ದು ಬಂದರು.

"ನಿನ್ನೆದಕ್ಕಿಂತ ಇದು ಬಾಯ್ಗೆ ಅಂಟ್ಕತದೆ ಕಣವ್ವ. ಹುಳಿ ಅಡುಗ್ಹೋಗದೆ. ಇನ್ನೊಂದ್ ತಟ್ಟೆ ತತ್ತಾ."

ಆಮೇಲೆ ನಾನೂ ನೆಟ್ಟಗೆ ರುಚಿ ನೋಡಿದೆ. ಮುಂಚೆ ಹುಳಿ ಬಂದು ಗಂಟಲಿಗೆ ಹೊಡೆಯುತ್ತಿತ್ತು, ಈಗ ಕಾರ ಮೊದಲು, ಹುಳಿ ಆಮೇಲೆ, ಕೊನೆಯಲ್ಲಿ ಎಲ್ಲೋ ಸ್ವಲ್ಪ ಸಿಹಿ. ನಮ್ಮ ಮನೆಯ ಹುಳಿಗೆ ಅಮ್ಮ ಹಾಕುವ ಬೆಲ್ಲದ್ದೇ ಲೆಕ್ಕ ಅದು. ಎರಡು ಅಚ್ಚು ಹೆಚ್ಚಾಯಿತು, ಅರ್ಧ ಸಾಕು ಎಂದು ಗೊತ್ತುಮಾಡಿಕೊಂಡೆ. ಮರುದಿನದಿಂದ ಬೆಲ್ಲಕ್ಕೆ ನಮ್ಮ ಸಾಸಿನಲ್ಲಿ ಖಾಯಂ ಸದಸ್ಯತ್ವ ಸಿಕ್ಕಿತು.

ಎರಡನೆಯ ವಾರ ಗಿರಾಕಿ ಚೆನ್ನಾಗಿಯೇ ಕುದುರಿತು. ಬಸ್ಸಿನ ಡ್ರೈವರುಗಳು, ಟ್ಯೂಷನ್ ಹುಡುಗಿಯರು, ಆಸ್ಪತ್ರೆಗೆ ಬಂದು ಹೋಗುವವರು. ಆಗ ಬಂದ ಒಬ್ಬ ವೀಡಿಯೊದವನು. ಊರೂರು ತಿರುಗಿ ತಿಂದು ಫೋನಿಗೆ ಮಾತಾಡುವವರಲ್ಲಿ ಒಬ್ಬ. ಎರಡು ತುತ್ತು ಬಾಯಿಗಿಟ್ಟು, ಹುಬ್ಬು ಮೇಲೆ ಮಾಡಿ, ಫೋನಿನ ಕಡೆ ತಿರುಗಿ "ಇದ್ ಪಾಸ್ತಯಲ್ಲ ಚೇಚೀ, ಪಾಯಸಮಾ!" ಎಂದ, ಇದು ಪಾಸ್ತಾ ಅಲ್ಲ ಅಕ್ಕಾ, ಪಾಯಸ ಎಂದು. ಜೊತೆಗಿದ್ದವರು ಗೊಳ್ಳೆಂದರು. ಕನ್ನಡದವರ ಕೈಗೆ ಪಾಸ್ತಾ ಸಿಕ್ಕರೂ ಅದಕ್ಕೆ ಬೆಲ್ಲವೇ ಬೀಳುವುದು ಎಂದು ಇನ್ನೊಂದು ಮಾತು ಸೇರಿಸಿದ. ಅವನು ಅರ್ಧ ತಟ್ಟೆ ಬಿಟ್ಟು ಹೋದ.

ಎರಡೇ ದಿನದಲ್ಲಿ ಬತ್ತೇರಿಯ ಎಲ್ಲ ಫೋನುಗಳಲ್ಲೂ ನಾನಿದ್ದೆ. ದಾಟಿ ಹೋಗುವ ಆಟೋಗಳಿಂದ "ಪಾಯಸಂ! ಪಾಯಸಂ!" ಎಂಬ ಕೂಗು. ನಾನು ಶಾಲೆಯಲ್ಲಿದ್ದಾಗ ನನ್ನ ಬುತ್ತಿಯ ಸಾಂಬಾರಿಗೆ ಬೆರಳದ್ದಿ "ಮಧುರಂ" ಎಂದು ನಕ್ಕ ಹುಡುಗಿಯರು ನೆನಪಾದರು. ಆಗ ನಾನು ಅಮ್ಮನ ಬಳಿ ಹೋಗಿ ನಾಳೆಯಿಂದ ಬೆಲ್ಲ ಹಾಕಬೇಡ ಎಂದು ಅತ್ತಿದ್ದೆ.

ಗೋದಾಮಿನ ಯಜಮಾನರು ಸಂಜೆ ಬಂದು ಗಂಟಲು ಸರಿಮಾಡಿಕೊಂಡರು. "ಜನ ನಗಾಡ್ತಾವ್ರೆ ಕಣವ್ವ. ಎಲ್ರೂ ಮಾಡಂಗೆ ಮಾಡು. ಯಾಕ್ ಬೇಕು ಕೊಳಪ್ಪ?"

ಕೊಳಪ್ಪ ಎಂದರೆ ರಗಳೆ. ನಾನು ಹೆದರಿದೆ. ಜಾಗ ಹೋದೀತು ಎಂದು ಹೆದರಿ ಎರಡು ದಿನ ಬೆಲ್ಲ ಹಾಕದೆ ಮಾಡಿದೆ. ರೆಸಾರ್ಟಿನಲ್ಲಿ ಕಂಡ ಹಾಗೆ, ಅಳತೆ ತಪ್ಪದೆ. ಹುಳಿ ತಗ್ಗಲೆಂದು ಸಾಸನ್ನು ಒಂದು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿದೆ, ಗ್ಯಾಸು ಉರಿಯಿತೇ ಹೊರತು ಹುಳಿ ಇಳಿಯಲಿಲ್ಲ. ಹೊಸ ಗಿರಾಕಿ ಒಬ್ಬರೂ ಬರಲಿಲ್ಲ. ನಗುವವರು ಬೆಲ್ಲ ನಿಲ್ಲಿಸಿದ್ದಾಳೋ ಇಲ್ಲವೋ ಎಂದು ನೋಡಲು ಬರುತ್ತಾರೆಯೇ? ನಕ್ಕಾಗಿತ್ತು, ಹೋಗಿಯಾಗಿತ್ತು. ಬಂದವರು ಮೆಟ್ಟಿಲ ಮೇಲಿನ ಆರು ಜನ ಮಾತ್ರ. ಎರಡನೆಯ ದಿನ ಅವರಲ್ಲಿ ನಾಲ್ವರು ತಟ್ಟೆಯಲ್ಲಿ ಉಳಿಸಿದರು. ಇಡೀ ದಿನ ಕತ್ತಿ ಬೀಸಿ ಬಂದವರು ಅನ್ನದಂಥದ್ದನ್ನು ಉಳಿಸುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಜ್ಜಿ ತಟ್ಟೆ ಕೊಡುತ್ತ ಮೆಲ್ಲಗೆ ಕೇಳಿದರು. "ಬೆಲ್ಲ ಮುಗ್ದೋಗದಾ? ನಾಳೆ ನಾ ತರ್ಲಾ?"

ನನಗೆ ನಾಚಿಕೆಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕದ್ದಿರಲಿಲ್ಲ, ಆದರೂ ಎರಡು ದಿನ ಹೆಗಲು ಮುಟ್ಟಿಕೊಂಡು ನಿಂತಿದ್ದೆ.

ಮರುದಿನ ಬೆಳಿಗ್ಗೆ ಪೇಟೆಯಲ್ಲಿ ಅಚ್ಚು ಬೆಲ್ಲ ಬಿಟ್ಟು ಇಡೀ ಉಂಡೆ ಬೆಲ್ಲ ತೆಗೆದುಕೊಂಡೆ, ಮಗುವಿನ ತಲೆಯಷ್ಟು ದೊಡ್ಡದು. ಅದನ್ನು ಗಾಜಿನ ಮುಚ್ಚಳದ ಡಬ್ಬಿಯಲ್ಲಿ ಕೌಂಟರಿನ ನಟ್ಟನಡುವೆ ಇಟ್ಟೆ, ಪಕ್ಕದಲ್ಲಿ ಒಡೆಯಲು ಕಲ್ಲು. ಒಂದು ರಟ್ಟಿನಲ್ಲಿ ಮೇಲೆ ಮಲಯಾಳ, ಕೆಳಗೆ ಕನ್ನಡ, ನನ್ನ ಕೈಯಕ್ಷರದಲ್ಲೇ ಬರೆದೆ: "ನಮ್ಮ ಸಾಸಿಗೆ ಬೆಲ್ಲ ಹಾಕುತ್ತೇವೆ. ಬೇಡದವರು ಬೇರೆ ಕಡೆ ತಿನ್ನಬಹುದು." ತಮ್ಮನ ಹೆಂಡತಿ ಅದನ್ನು ಓದಿ, "ಕೊನೇ ಸಾಲು ವಸಿ ಮೆತ್ತುಗ್ ಮಾಡ್ಬೋದಿತ್ತು" ಎಂದಳು. ಮಾಡಲಿಲ್ಲ. ಅವಸರದಲ್ಲಿ ಕೂಗುವ ಪದ ಮಾತ್ರ ಬದಲಾಯಿಸಿಕೊಂಡೆವು. ಗಾಡಿಯೊಳಗೆ ನೀರಿಗೆ ಇನ್ನು ನೀರೇ ಎಂದು ತೀರ್ಮಾನವಾಯಿತು.

ಬೋರ್ಡು ಜನರನ್ನು ಎಳೆಯಿತು. ಬೈಯಲು ಬಂದವರೂ ಒಂದು ತಟ್ಟೆ ತೆಗೆದುಕೊಂಡೇ ಬೈದರು. ಕೆಲವರು ಬೆಲ್ಲವನ್ನು ಕಣ್ಣೆದುರೇ ಒಡೆದು ಹಾಕಿ ಎಂದು ನಿಂತು ನೋಡಿದರು. ವಾರದ ಕೊನೆಗೆ ಮೂರು ಕಿಲೋ ಪಾಸ್ತಾ ಸಂಜೆ ಆರಕ್ಕೇ ಖಾಲಿಯಾಗುತ್ತಿತ್ತು. ಗೆದ್ದೆ ಎಂದುಕೊಂಡೆ. ಆ ಸೋಮವಾರವೇ ಹೆಲ್ತ್ ಇನ್ಸ್‌ಪೆಕ್ಟರ್ ಬಂದದ್ದು.

ಮೂರು ಗಂಟೆ. ಜೊತೆಗೆ ಒಬ್ಬ ಸಹಾಯಕ, ಕೈಯಲ್ಲಿ ಫೈಲು, ಐಸ್ ಪೆಟ್ಟಿಗೆ. ಪರಾತಿ ಬಂದಿದೆ ಎಂದರು. ಸಾಸಿಗೆ ಸಿಹಿಯಾಗಲು ಏನೋ ರಾಸಾಯನಿಕ ಬೆರೆಸುತ್ತಾರೆ, ತಿಂದವರಿಗೆ ಹೊಟ್ಟೆ ಕೆಡುತ್ತದೆ ಎಂದು ಬರೆದಿತ್ತಂತೆ. ಬರೆದವರ ಹೆಸರು ಹೇಳುವಂತಿಲ್ಲ.

ಅವರು ಒರಟರಲ್ಲ, ಕೆಲಸ ಕ್ರಮವಾಗಿ ಮಾಡುವವರು. ಗಾಡಿಯ ರಿಜಿಸ್ಟ್ರೇಷನ್, ನಮ್ಮಿಬ್ಬರ ಹೆಲ್ತ್ ಕಾರ್ಡು, ನೀರಿನ ಪರೀಕ್ಷೆಯ ರಿಪೋರ್ಟು, ಎಲ್ಲ ಕೇಳಿದರು. ಎಲ್ಲ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೆ. ಬಸಿದ ಪಾಸ್ತಾದ ತಟ್ಟೆಗೆ ಬಲೆ ಮುಚ್ಚಿದರೆ ಸಾಲದು, ಮುಚ್ಚಳವೇ ಬೇಕು ಎಂದರು. ಅದು ಸರಿಯಾದ ಮಾತು, ಒಪ್ಪಿದೆ. ಆಮೇಲೆ ಫಾರಂ ತೆಗೆದು ಸಾಸಿಗೆ ಹಾಕುವ ಒಂದೊಂದೇ ಸಾಮಾನು ಕೇಳುತ್ತ ಬರೆದುಕೊಂಡರು.

"ಸಿಹಿಗೆ?" ಎಂದು ಮಲಯಾಳದಲ್ಲಿ ಕೇಳಿದರು.

"ವೆಲ್ಲಂ" ಎಂದೆ. ನಮ್ಮ ಕಡೆಯ ಮಲಯಾಳದಲ್ಲಿ ಬೆಲ್ಲಕ್ಕೆ ಹೀಗೇ ಹೇಳುವುದು.

ಅವರು ಬರೆದರು. ನಾನು ಕೌಂಟರಿನ ಈಚೆಯಿಂದ ಅಕ್ಷರವನ್ನು ತಲೆಕೆಳಗಾಗಿ ಓದಿದೆ. ವೆಳ್ಳಂ. ನೀರು.

"ಸಾರ್, ಅದು ನೀರಲ್ಲ."

ಅವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ಮುಖ ಬಿಗಿಯಾಯಿತು. ನೀವೇ ವೆಳ್ಳಂ ಎಂದಿರಿ, ಈಗ ನೀವೇ ಅಲ್ಲ ಎನ್ನುತ್ತೀರಿ, ನೀರು ಹಾಕಿದರೆ ಸಿಹಿಯಾಗುತ್ತದೆಯೇ, ಹಾಗಾದರೆ ನಿಜವಾಗಿ ಏನು ಹಾಕುತ್ತೀರಿ ಎಂದು ಒಂದರ ಹಿಂದೊಂದು ಕೇಳಿದರು. ಅವರು ತೆಂಕಣ ಕೇರಳದವರು. ಅವರ ಊರಿನಲ್ಲಿ ಬೆಲ್ಲಕ್ಕೆ ಶರ್ಕರ ಎನ್ನುವುದು ಬಿಟ್ಟು ಬೇರೆ ಮಾತೇ ಇಲ್ಲ. ಹಿಂದೆ ನಿಂತಿದ್ದ ತಮ್ಮನ ಹೆಂಡತಿಗೆ ಮಾತು ಪೂರ್ತಿ ತಿಳಿಯದಿದ್ದರೂ ವಿಷಯ ತಿಳಿಯಿತು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗು ತಡೆಯುತ್ತಿದ್ದಳು. ನನಗೆ ನಗು ಬರಲಿಲ್ಲ. ಆ ಒಂದು ಅಕ್ಷರ ಹಾಗೇ ಉಳಿದರೆ ನಾನು ಸುಳ್ಳಿ ಎಂದು ಸರ್ಕಾರದ ಕಾಗದದಲ್ಲಿ ಬರೆದಂತೆ. ಡಬ್ಬಿಯ ಮುಚ್ಚಳ ತೆಗೆದು, ಕಲ್ಲಿನಿಂದ ಒಂದು ಚೂರು ಒಡೆದು ಅವರ ಮುಂದೆ ಹಿಡಿದೆ.

"ಇದು ಸಾರ್. ನೀವು ಏನು ಬೇಕಾದರೂ ಕರೆಯಿರಿ. ಆದರೆ ಆ ಅಕ್ಷರ ತಿದ್ದದೆ ನಾನು ಸಹಿ ಹಾಕುವುದಿಲ್ಲ."

ಅವರು ಚೂರನ್ನು ಮೂಸಿ ನೋಡಿ, ಮೊದಲು ಬರೆದದ್ದನ್ನು ಹೊಡೆದು, ಶರ್ಕರ ಎಂದು ಬರೆದು, ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಿದರು. ಸಾಸನ್ನೂ ಬೆಲ್ಲವನ್ನೂ ಬೇರೆ ಬೇರೆ ಬಾಟಲಿಗೆ ತುಂಬಿ, ಅರಗು ಹಾಕಿ ಮುಚ್ಚಿ, ನನ್ನ ಸಹಿ ತೆಗೆದುಕೊಂಡರು. ಹೊರಡುವಾಗ, ರಿಪೋರ್ಟು ಬರುವ ತನಕ ಮಾರದಿದ್ದರೆ ಒಳ್ಳೆಯದು ಎಂದರು.

"ಅದು ಆರ್ಡರಾ ಸಾರ್, ಬುದ್ಧಿಮಾತಾ?"

"ಬುದ್ಧಿಮಾತು."

"ಹಾಗಾದರೆ ಮಾರುತ್ತೇನೆ."

ಅವರು ಫೈಲು ಮಡಚಿಕೊಂಡು ಹೊರಟರು. ತುಟಿಯಲ್ಲಿ ಸ್ವಲ್ಪ ನಗು ಇತ್ತು ಎಂದು ತಮ್ಮನ ಹೆಂಡತಿ ಈಗಲೂ ವಾದಿಸುತ್ತಾಳೆ, ನಾನು ಕಂಡಿಲ್ಲ.

ಆಮೇಲಿನ ಹನ್ನೆರಡು ದಿನ ಸುಲಭವಿರಲಿಲ್ಲ. ಇನ್ಸ್‌ಪೆಕ್ಟರ್ ಬಂದದ್ದನ್ನು ಊರೆಲ್ಲ ನೋಡಿತ್ತು. ಟ್ಯೂಷನ್ ಹುಡುಗಿಯರು ಬರುವುದು ನಿಲ್ಲಿಸಿದರು, ಆಸ್ಪತ್ರೆಯ ಜನ ದಾರಿ ಬದಲಿಸಿದರು. ಮೂರು ಕಿಲೋ ಒಂದಕ್ಕೆ ಇಳಿಯಿತು, ಬೇಯಿಸಿದ್ದರಲ್ಲಿ ಅರ್ಧ ಮನೆಯ ಹಸುವಿಗೆ ಹೋಯಿತು. ಯಜಮಾನರು ದಿನಾ ಸಂಜೆ ಗೋದಾಮಿನ ಬೀಗ ಎಳೆದು ನೋಡುವ ನೆಪದಲ್ಲಿ ಬಂದು, ಪರಾತಿ ಅಂದ್ರೆ ಪರಾತೀನೇ ಎಂದು ಗೊಣಗಿ ಹೋಗುತ್ತಿದ್ದರು. ರಿಪೋರ್ಟು ಬರಲಿ, ಅದರಲ್ಲಿ ವಿಷ ಇದ್ದರೆ ನಾನೇ ಎತ್ತುತ್ತೇನೆ ಎಂದು ನಾನೂ ದಿನಾ ಹೇಳುತ್ತಿದ್ದೆ. ಒಂದು ದಿ‌ನವೂ ಬಾಗಿಲು ಇಳಿಸಲಿಲ್ಲ. ಒಂದು ದಿನವೂ ಬೋರ್ಡು ತೆಗೆಯಲಿಲ್ಲ. ಆರು ಹೆಂಗಸರು ಒಂದು ದಿನವೂ ತಪ್ಪಲಿಲ್ಲ. ಪರಾತಿಯ ವಿಷಯ ತಿಳಿದು ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಹೊಟ್ಟೆ ಕೆಟ್ಟದ್ದು ಯಾರ್ದು? ನಾವ್ ಆರ್ ಜನಾನೂ ನೆಟ್ಗಿದ್ದೀವಲ್ಲ." ಇನ್ಸ್‌ಪೆಕ್ಟರ ಕಚೇರಿಗೆ ಬಂದು ಹಾಗೇ ಹೇಳಲು ತಯಾರಿದ್ದರು. ಬೇಕಾಗಲಿಲ್ಲ.

ರಿಪೋರ್ಟು ಬಂತು. ಬೆರಕೆ ಇಲ್ಲ, ರಾಸಾಯನಿಕ ಇಲ್ಲ, ತಿನ್ನಲು ಯೋಗ್ಯ. ತಿಂಗಳು ಮುಗಿಯಲು ಎರಡು ದಿನ ಇತ್ತು. ನಾನು ಅದರ ಪ್ರತಿಯನ್ನು ಬೋರ್ಡಿನ ಪಕ್ಕ ಅಂಟಿಸಿದೆ, ಅಂಟು ಸ್ವಲ್ಪ ಜಾಸ್ತಿಯೇ ಹಾಕಿ.

ತಿಂಗಳ ಕೊನೆಯ ದಿನ ನಾಲ್ಕೂ ಮುಕ್ಕಾಲಿಗೆ ಯಜಮಾನರು ಬಂದರು. ಮುಖದಲ್ಲಿ ನಗು. ಹೆಂಗಸರು ಮೆಟ್ಟಿಲ ಮೇಲೆ ತಿನ್ನುತ್ತಿದ್ದರು. ಯಜಮಾನರು ಗಾಡಿಯ ಹಿಂಬದಿಗೆ ಬಂದು ನನ್ನನ್ನು ಕರೆದರು.

"ಒಳ್ಳೇದಾಯ್ತು ಕಣವ್ವ. ನಮ್ಮೋಳು ಗೆದ್ದೆ. ವರ್ಷಕ್ಕೆ ಬರ್ಕೊಡ್ತೀನಿ, ಇಲ್ಲೇ ಇರು. ಬೆಲ್ಲನಾದ್ರೂ ಹಾಕ್ಕ, ಜೇನಾದ್ರೂ ಹಾಕ್ಕ, ಯಾರ್ ಕೇಳ್ತಾರೆ."

ನನ್ನ ಕಣ್ಣು ತುಂಬಿ ಬಂತು. ಸಂತೋಷ ಎಂದರೆ ಅದು.

"ಒಂದೇ ಒಂದು," ಎಂದು ಅವರು ದನಿ ಇಳಿಸಿದರು. "ಆ ಕಾಡಿನೋರ್ನ ಮೆಟ್ಲ ಮೇಲೆ ಕೂರುಸ್ಬೇಡ. ಪೊದಿ ಕಟ್ಟಿ ಕೊಟ್ಟು ಕಳ್ಸು."

ಪೊದಿ ಎಂದರೆ ಪೊಟ್ಟಣ. ನನಗೆ ಮಾತು ಅರ್ಥವಾಯಿತು, ಆದರೂ ಅರ್ಥವಾಗದವಳಂತೆ ನಿಂತೆ.

"ಯಾಕಣ್ಣ?"

"ಪರಾತಿ ಬರ್ದೋರ್ಗೆ ಅದೇ ಸಂಕಟ ಇದ್ದದ್ದು. ಅಕ್ಕಪಕ್ಕದ ಅಂಗ್ಡಿಯೋರು. ಸಾಸು ಸೀ ಆದ್ರೆ ಯಾರ್ಗೇನು? ಕತ್ತಿ ಗಿತ್ತಿ ಇಟ್ಕೊಂಡು, ಮಣ್ಣು ಕಾಲಲ್ಲಿ... ನೋಡಕ್ ಒಂದ್ ಥರ ಆಯ್ತದೆ ಕಣವ್ವ. ಫ್ಯಾಮಿಲಿ ಬರೋ ಜಾಗ."

"ಅವ್ರೂ ಐವತ್ತು ಕೊಟ್ಟೇ ತಿಂತಾರೆ ಅಣ್ಣ."

"ನಾನೇನ್ ಕೊಡಬೇಡ ಅಂದ್ನಾ? ಕೊಡು. ಕೂರುಸ್ಬೇಡ ಅಂದೆ."

ಒಂದು ತಿಂಗಳಿಂದ ನಾನು ಬೆಲ್ಲವನ್ನು ಕಾಪಾಡುತ್ತಿದ್ದೆ. ಬೆಲ್ಲದ ಮೇಲೆ ಯಾರಿಗೂ ಕೋಪವೇ ಇರಲಿಲ್ಲ. ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಇಡೀ ವರ್ಷ, ನೆರಳು, ನಲ್ಲಿ, ಎದುರಿಗೇ ನಿಲ್ಲುವ ಬಸ್ಸು. ಪೊದಿ ಕಟ್ಟಲು ಎಷ್ಟು ಹೊತ್ತು? ಕಾಗದ, ಎಲೆ, ದಾರ. ಅಜ್ಜಿಗೆ ಏನಾದರೊಂದು ಹೇಳಬಹುದು. ಅವರು ಮರುಮಾತಾಡದೆ ತೆಗೆದುಕೊಂಡು ಹೋಗುತ್ತಾರೆ ಎಂಬುದೂ ನನಗೆ ಗೊತ್ತಿತ್ತು, ಬೇರೆ ಎಷ್ಟೋ ಕಡೆ ಹಾಗೇ ಹೋಗಿ ಅಭ್ಯಾಸವಾದವರು. ಆ ಯೋಚನೆ ಬಂದ ಮೇಲೆ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಒಳಗೆ ಹೋಗಿ ಎರಡೂ ಒಲೆ ಆರಿಸಿದೆ. ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದೆ. ಕುದಿಯುವ ನೀರನ್ನು ಮೋರಿಗೆ ಚೆಲ್ಲಿದೆ.

"ಯಾಕಕ್ಕ?" ಎಂದಳು ತಮ್ಮನ ಹೆಂಡತಿ.

"ಗಾಡಿ ಎತ್ತಣ."

ಅವಳು ನನ್ನ ಮುಖ ನೋಡಿ ಮುಚ್ಚಳಗಳನ್ನು ಮುಚ್ಚತೊಡಗಿದಳು. ನಾನು ಮೆಟ್ಟಿಲ ಹತ್ತಿರ ಹೋದೆ.

"ಎಲ್ಲ ಏಳಿ. ತಟ್ಟೆ ಕೈಯಲ್ಲೇ ಇರ್ಲಿ. ರಸ್ತೆ ದಾಟ್ಬೇಕು."

"ಮಳೆ ಬರ್ತದಾ?" ಎಂದರು ಅಜ್ಜಿ, ಆಕಾಶ ನೋಡಿ.

"ಇಲ್ಲ ಅಜ್ಜಿ. ಆ ಕಡೆ ಗಾಳಿ ಚೆನ್ನಾಗದೆ."

ಆರು ಹೆಂಗಸರು ಒಂದು ಕೈಯಲ್ಲಿ ಕತ್ತಿಯ ಗೋಣಿ, ಇನ್ನೊಂದರಲ್ಲಿ ಪಾಸ್ತಾದ ತಟ್ಟೆ ಹಿಡಿದು ಮೈಸೂರು ರಸ್ತೆಗೆ ಇಳಿದರು. ಬಸ್ಸೊಂದು ಬ್ರೇಕು ಹಾಕಿ ನಿಂತಿತು, ಅದರ ಹಿಂದೆ ಕಾರುಗಳು. ಅವರ ಹಿಂದೆ ನನ್ನ ಗಾಡಿ. ಆ ಕಡೆ ಪುರಸಭೆಯ ಗೋಡೆಯ ಉದ್ದಕ್ಕೂ ಕಿರಿದಾದ ಪಟ್ಟಿ. ಬೆಳಿಗ್ಗೆ ಸೊಪ್ಪಿನವರು ಕೂರುತ್ತಾರೆ, ಸಂಜೆ ಯಾರ ಹಂಗೂ ಇಲ್ಲ. ನೆರಳಿಲ್ಲ, ನಲ್ಲಿಯಿಲ್ಲ, ಮೋರಿಯ ವಾಸನೆ ಮಾತ್ರ ಧಾರಾಳ. ಗಾಡಿ ನಿಲ್ಲಿಸಿ ಟಾರ್ಪಾಲು ತೆಗೆದು ನೆಲಕ್ಕೆ ಹಾಸಿದೆ. ಅವರು ಕುಳಿತು ಆರಿಹೋಗಿದ್ದ ಪಾಸ್ತಾವನ್ನು ಮುಗಿಸಿದರು. ರಸ್ತೆಯಾಚೆ ಯಜಮಾನರು ಸೊಂಟಕ್ಕೆ ಕೈಯಿಟ್ಟು ನಿಂತೇ ಇದ್ದರು.

ನೀರನ್ನು ಈಗ ಮನೆಯಿಂದ ಡ್ರಮ್ಮಿನಲ್ಲಿ ತರುತ್ತೇವೆ. ಬಿಸಿಲಿಗೆ ಪಾಸ್ತಾದ ತಟ್ಟೆ ಬೇಗ ಒಣಗುವುದರಿಂದ ಒದ್ದೆ ಬಟ್ಟೆ ಮುಚ್ಚುವುದನ್ನು ಕಲಿತೆವು. ಗಿರಾಕಿ ಮೊದಲ ವಾರ ಕಡಿಮೆ, ಆಮೇಲೆ ರಸ್ತೆ ದಾಟಲು ಕಲಿತರು. ಬೋರ್ಡಿನಲ್ಲಿ ಇನ್ನೊಂದು ಸಾಲು ಸೇರಿತು, ಎರಡೂ ಭಾಷೆಯಲ್ಲಿ.

ಹತ್ತು ದಿನ ಕಳೆದಿರಬಹುದು. ಯಜಮಾನರ ಮನೆಗೆ ಮೈಸೂರಿನಿಂದ ನೆಂಟರು ಬಂದಿದ್ದರಂತೆ, ಮಕ್ಕಳು ಆ ವೀಡಿಯೊ ನೋಡಿ ಬೆಲ್ಲದ ಪಾಸ್ತಾವೇ ಬೇಕೆಂದು ಹಟ ಹಿಡಿದರಂತೆ. ಐದು ಗಂಟೆಗೆ ಯಜಮಾನರೇ ರಸ್ತೆ ದಾಟಿ ಬಂದರು. ಬೋರ್ಡು ಓದಲಿಲ್ಲ, ಆ ಕಡೆ ಈ ಕಡೆ ನೋಡಿ ಕೈಯಲ್ಲಿ ಸನ್ನೆ ಮಾಡಿದರು.

"ನಾಕ್ ತಟ್ಟೆ ಪೊದಿ ಕಟ್ಟವ್ವ."

"ಪೊದಿ ಕಟ್ಟೋದ್ ಬುಟ್ಬುಟ್ಟೆ ಅಣ್ಣ," ಎಂದೆ. "ಬೋರ್ಡಲ್ಲೇ ಬರ್ದದೆ, ಇಲ್ಲಿ ಕೂತೇ ತಿನ್ಬೇಕು. ಮಕ್ಳನ್ನೂ ಕರ್ಕೊಂಡ್ ಬನ್ನಿ."

ಅವರು ಟಾರ್ಪಾಲಿನ ಕಡೆ ನೋಡಿದರು. ಅಜ್ಜಿಗೆ ನಮ್ಮ ನಡುವಿನ ಯಾವ ಕತೆಯೂ ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ. ವಯಸ್ಸಾದವರು ನಿಂತಿದ್ದಾರೆ ಎಂದಷ್ಟೇ ಕಂಡು, ಗೋಣಿಯನ್ನು ಮಡಿಲಿಗೆ ಎಳೆದುಕೊಂಡು, ಸರಿದು ಕುಳಿತು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.